ಗುಜರಿಯ ದಾರಿಯಲ್ಲಿ ಸೈಕಲ್ ಚರಿತ್ರೆ

ಮೈಸೂರಿನಲ್ಲಿ ರೈಲಿಗೊಂದು ವಸ್ತುಸಂಗ್ರಹಾಲಯವಿದೆ. 1979ರಿಂದ ಅದು ಹಳೆಯ ಉಗಿಬಂಡಿಗಳನ್ನೂ ಮಹಾರಾಣಿಯವರ ಸಲೂನು ಬೋಗಿಯನ್ನೂ ಕಾಪಾಡಿಕೊಂಡು ಬಂದಿದೆ. ಬೆಂಗಳೂರಿನಲ್ಲಿ ಎಚ್‌ಎಎಲ್ ಸಂಸ್ಥೆ 2001ರಲ್ಲಿ ವಿಮಾನಗಳಿಗಾಗಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದ ‘ಪಯಣ’ದಲ್ಲಿ ಹಳೆಯ ಕಾರುಗಳು ಮಿರಮಿರನೆ ಹೊಳೆಯುತ್ತ ನಿಂತಿವೆ. ಈ ನಾಡಿನಲ್ಲಿ ರೈಲು ಹತ್ತಿದವರು ಬಹಳ ಮಂದಿ, ಕಾರು ಹತ್ತಿದವರು ಕೆಲವರು, ವಿಮಾನ ಹತ್ತಿದವರು ಇನ್ನೂ ಕೆಲವರು. ಸೈಕಲ್ ತುಳಿದವರ ಲೆಕ್ಕ ಇಟ್ಟವರಿಲ್ಲ. ಆದರೆ ಸೈಕಲ್ಲಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯ ನೋಡಬೇಕೆಂದರೆ ಹತ್ತಿರದಲ್ಲಿ ಹೆಸರು ಮಾಡಿರುವುದು ಮಹಾರಾಷ್ಟ್ರದ ಪುಣೆಯದು.

ಕಡೂರು ತಾಲ್ಲೂಕಿನ ಯಗಟಿಯಂಥ ಊರಿನಿಂದ ನೋಡಿದರೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ, ಗಿರಿಸಾಲು, ಮಳೆ ನೆನಪಾಗುವುದು ಸಹಜ. ಆದರೆ ಜಿಲ್ಲೆಯ ಪೂರ್ವದ ಅಂಚು ಅಪ್ಪಟ ಬಯಲುಸೀಮೆ. ರಾಗಿ, ತೆಂಗು, ಕೆರೆಗಳನ್ನು ನೆಚ್ಚಿದ ನೆಲ. ಘಟ್ಟದ ಏರಿನಲ್ಲಿ ಇಳಿದು ತಳ್ಳಬೇಕಾದ ಸೈಕಲ್, ಇಲ್ಲಿ ಸವಾರನನ್ನು ಹೊತ್ತು ಸಲೀಸಾಗಿ ಸಾಗುತ್ತದೆ. ಬೆಂಗಳೂರಿನಿಂದ ಹರಿಹರಕ್ಕೆ ಹೊರಟ ರೈಲುದಾರಿ 1889ರ ಹೊತ್ತಿಗೆ ಕಡೂರು, ಬೀರೂರುಗಳನ್ನು ಮುಟ್ಟಿತು. ಆದರೆ ರೈಲು ಇಳಿಸುತ್ತಿದ್ದುದು ಸ್ಟೇಷನ್ನಿನವರೆಗೆ ಮಾತ್ರ. ಅಲ್ಲಿಂದ ಊರಿಗೆ, ಊರಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ಮೊದಲು ಕಾಲ್ನಡಿಗೆ ಮತ್ತು ಎತ್ತಿನ ಗಾಡಿ, ಆಮೇಲೆ ಸೈಕಲ್. ಹೋಬಳಿ ಕೇಂದ್ರದ ಬ್ಯಾಂಕು, ಆಸ್ಪತ್ರೆ, ಹೈಸ್ಕೂಲುಗಳನ್ನು ಸುತ್ತಲಿನ ಹಳ್ಳಿಗಳಿಗೆ ಹತ್ತಿರ ತಂದದ್ದರಲ್ಲಿ ಬಸ್ಸಿನಷ್ಟೇ ಪಾಲು ಸೈಕಲ್ಲಿಗೂ ಇದೆ. ಬಸ್ಸಿಗೆ ವೇಳಾಪಟ್ಟಿಯ ದಾಖಲೆಯಾದರೂ ಉಂಟು. ಸೈಕಲ್ಲಿಗೆ ಅದೂ ಇಲ್ಲ.

ಪುಣೆಯ ಸಂಗ್ರಹ

ಒಂದು ಕಾಲದಲ್ಲಿ ‘ಸೈಕಲ್ಲುಗಳ ನಗರ’ ಎಂದೇ ಪುಣೆ ಹೆಸರಾಗಿತ್ತು. ಅಲ್ಲಿನ ಕರ್ವೆ ನಗರದಲ್ಲಿ ವಿಕ್ರಮ್ ಪೆಂಡ್ಸೆ ಎಂಬ ಸಂಗ್ರಾಹಕರು ವರ್ಷಗಟ್ಟಲೆ ಕೂಡಿಹಾಕಿದ ಸೈಕಲ್ಲುಗಳನ್ನು 2017ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪ್ಯಾರಾಶೂಟ್ ಸೈನಿಕರಿಗಾಗಿ ಬಿಎಸ್‌ಎ ಕಂಪೆನಿ ತಯಾರಿಸಿದ ಮಡಿಚುವ ಸೈಕಲ್ ಅಲ್ಲಿನ ಹೆಮ್ಮೆಯ ವಸ್ತು. ಅದರ ಜೊತೆಗೆ ಮಕ್ಕಳ ಸೈಕಲ್, ಹೆಂಗಸರ ಸೈಕಲ್, ಸೀಮೆಎಣ್ಣೆ ದೀಪ, ಡೈನಮೊ, ಗಂಟೆ, ಗಾಳಿ ಪಂಪು, ರಿಪೇರಿ ಸಲಕರಣೆಗಳೆಲ್ಲ ಇವೆ.

ಈ ಸಂಗ್ರಹ ಸರ್ಕಾರದ್ದಲ್ಲ. ಒಬ್ಬರ ಆಸಕ್ತಿಯಿಂದ ಬೆಳೆದದ್ದು. ಜಗತ್ತಿನ ಬಹುಪಾಲು ಸೈಕಲ್ ಮ್ಯೂಸಿಯಂಗಳ ಹುಟ್ಟೂ ಹೀಗೆಯೇ. ನೆದರ್ಲೆಂಡ್ಸಿನ ನೈಮೇಖನ್ ನಗರದಲ್ಲಿ 1981ರಲ್ಲಿ ಆರಂಭವಾದ ‘ವೆಲೊರಾಮ’ವೂ ಖಾಸಗಿ ಸಂಗ್ರಹವೇ. ಅರಮನೆಯ ಕತ್ತಿಯನ್ನು, ದೇವಾಲಯದ ಶಾಸನವನ್ನು ಕಾಪಾಡುವುದಕ್ಕೆ ಇಲಾಖೆಗಳಿವೆ. ಅಂಗಡಿಯಲ್ಲಿ ಕೊಂಡು, ಮನೆಯ ಗೋಡೆಗೆ ಒರಗಿಸಿ, ಮಳೆಯಲ್ಲಿ ನೆನೆಸಿದ ವಸ್ತುವನ್ನು ಪ್ರಾಚ್ಯವಸ್ತು ಎಂದು ಯಾರೂ ಮೊದಲಿಗೆ ಎಣಿಸುವುದಿಲ್ಲ. ಹಾಗೆ ಎಣಿಸುವ ಹೊತ್ತಿಗೆ ಅದು ಸಿಗುವುದೇ ಕಷ್ಟವಾಗಿರುತ್ತದೆ.

ಯಾರು ಏನನ್ನು ಉಳಿಸಿದರು?

ಹೊರದೇಶದ ಮ್ಯೂಸಿಯಂಗಳನ್ನು ಗಮನಿಸಿದರೆ ಒಂದೊಂದು ಊರೂ ಸೈಕಲ್ಲಿನ ಚರಿತ್ರೆಯಲ್ಲಿ ತನ್ನ ಪಾಲಿನದನ್ನು ಹುಡುಕಿ ಉಳಿಸಿಕೊಂಡಿರುವುದು ಕಾಣುತ್ತದೆ.

ಇಂಗ್ಲೆಂಡಿನ ಕವೆಂಟ್ರಿ ಒಂದು ಕಾಲದಲ್ಲಿ ಸೈಕಲ್ ಕಾರ್ಖಾನೆಗಳ ರಾಜಧಾನಿ. ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ‘ರೋವರ್’ ಸೈಕಲ್ ಹೊರತಂದದ್ದು ಅಲ್ಲಿಯೇ. ಕಾರ್ಖಾನೆಗಳು ಹೋದವು, ಊರಿನ ನೆನಪು 1980ರಲ್ಲಿ ತೆರೆದ ಸಾರಿಗೆ ಮ್ಯೂಸಿಯಂನಲ್ಲಿ ಉಳಿಯಿತು. ಜಪಾನಿನ ಸಕಾಯಿ ಬಂದೂಕು ಮತ್ತು ಚಾಕು ಮಾಡುವ ಕಮ್ಮಾರರ ಊರು. ವಿದೇಶಿ ಸೈಕಲ್ಲುಗಳು ಬಂದಾಗ ಅವುಗಳ ರಿಪೇರಿಗೆ, ಬಿಡಿಭಾಗಗಳ ತಯಾರಿಕೆಗೆ ನೆರವಾದದ್ದು ಇದೇ ಕುಶಲ ಕೈಗಳು. ಇಂದು ಪ್ರಸಿದ್ಧವಾಗಿರುವ ಶಿಮಾನೊ ಕಂಪೆನಿ ಹುಟ್ಟಿದ್ದೂ ಅಲ್ಲಿಯೇ. ಆ ಊರಿನಲ್ಲಿ 1992ರಲ್ಲಿ ತೆರೆದ ಸೈಕಲ್ ಮ್ಯೂಸಿಯಂ 2022ರಲ್ಲಿ ಹೊಸ ಕಟ್ಟಡಕ್ಕೆ ಬಂತು. ಅಲ್ಲಿ ಸೈಕಲ್ಲಿನ ಕಥೆ ಕುಲುಮೆಯ ಕಥೆಯೂ ಹೌದು.

ಅಮೆರಿಕದಲ್ಲಿ ಅಂಗಡಿಗೆ ಅಂಗಡಿಯೇ ಉಳಿದಿದೆ. ವಿಮಾನ ಹಾರಿಸಿದ ರೈಟ್ ಸಹೋದರರು ಮೂಲತಃ ಸೈಕಲ್ ಅಂಗಡಿಯವರು. ಚೈನು, ಕಡ್ಡಿ, ಸಮತೋಲ ಇವುಗಳ ಒಡನಾಟದಿಂದ ಬಂದ ತಿಳಿವಳಿಕೆಯೇ ಅವರ ಬಂಡವಾಳ. ಡೇಟನ್ನಿನಲ್ಲಿದ್ದ ಅವರ ಅಂಗಡಿಯನ್ನು ಹೆನ್ರಿ ಫೋರ್ಡ್ 1937ರಲ್ಲಿ ತಮ್ಮ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ಬಯಲು ಮ್ಯೂಸಿಯಂಗೆ ಕಟ್ಟಡಸಮೇತ ಸಾಗಿಸಿದರು.

ಇಟಲಿಯ ಗಿಸಾಲೊ ಬೆಟ್ಟದ ಮೇಲೊಂದು ಪುಟ್ಟ ಚರ್ಚಿದೆ. ಅಲ್ಲಿನ ಮಾತೆ ಮೇರಿಯನ್ನು 1949ರಲ್ಲಿ ಪೋಪರು ಸೈಕಲ್ ಸವಾರರ ರಕ್ಷಕಿ ಎಂದು ಸಾರಿದರು. ದೊಡ್ಡ ದೊಡ್ಡ ಸವಾರರು ತಮ್ಮ ಸೈಕಲ್ಲುಗಳನ್ನು ಹರಕೆಯಂತೆ ಅಲ್ಲಿಗೆ ಒಪ್ಪಿಸಿದ್ದಾರೆ. 1995ರ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಬಿದ್ದು ಸತ್ತ ಫಾಬಿಯೊ ಕಸಾರ್ತೆಲ್ಲಿಯ ಸೈಕಲ್ ಅಲ್ಲಿ ನಜ್ಜುಗುಜ್ಜಾದ ಸ್ಥಿತಿಯಲ್ಲೇ ಇದೆ. ಹರಕೆಯ ವಸ್ತುಗಳಿಗೆ ಚರ್ಚು ಸಾಲದಾದಾಗ ಪಕ್ಕದಲ್ಲಿ 2006ರಲ್ಲಿ ಮ್ಯೂಸಿಯಂ ಕಟ್ಟಿದರು.

ವಿಯಟ್ನಾಮಿನ ಮ್ಯೂಸಿಯಂಗಳಲ್ಲಿ ಸೈಕಲ್ ಯುದ್ಧದ ವೀರ. 1954ರ ದಿಯೆನ್ ಬಿಯೆನ್ ಫು ಕದನಕ್ಕೆ ಅಕ್ಕಿ, ಮದ್ದುಗುಂಡುಗಳನ್ನು ಕಾಡಿನ ದಾರಿಯಲ್ಲಿ ಸಾಗಿಸಿದ್ದು ಸಾವಿರಾರು ಸೈಕಲ್ಲುಗಳು. ಅವನ್ನು ಯಾರೂ ತುಳಿಯಲಿಲ್ಲ. ಹ್ಯಾಂಡಲ್ಲಿಗೆ ಬಿದಿರು ಗಳು ಕಟ್ಟಿ, ಎರಡು ಕ್ವಿಂಟಾಲಿಗೂ ಮಿಕ್ಕಿದ ಭಾರ ಹೇರಿ ಪಕ್ಕದಲ್ಲಿ ನಡೆಯುತ್ತ ತಳ್ಳಿದರು. ಆ ಬಿದಿರು ಗಳು ಇಲ್ಲದಿದ್ದರೆ ಅದು ಬರಿಯ ಹಳೆಯ ಸೈಕಲ್. ಗಳು ಇದ್ದುದರಿಂದ ಒಂದು ದೇಶದ ಚರಿತ್ರೆಯಾಯಿತು.

ಸುಳ್ಳು ಸೈಕಲ್ಲುಗಳು

ಮ್ಯೂಸಿಯಂಗೆ ಇನ್ನೊಂದು ಹೊಣೆಯಿದೆ. ಅದು ಸತ್ಯವನ್ನು ಸುಳ್ಳಿನಿಂದ ಸೋಸಿ ತೆಗೆಯುವುದು. ಸೈಕಲ್ ಯಾರು ಕಂಡುಹಿಡಿದರು ಎಂಬ ಪ್ರಶ್ನೆಯ ಸುತ್ತ ಕಟ್ಟಿದಷ್ಟು ಕಟ್ಟುಕಥೆಗಳು ಕಡಿಮೆ ಯಂತ್ರಗಳ ಸುತ್ತ ಇವೆ.

1791ರಲ್ಲಿ ಸಿವ್ರಾಕ್ ಎಂಬ ಫ್ರೆಂಚ್ ಕೌಂಟ್ ಎರಡು ಗಾಲಿಯ ಮರದ ಕುದುರೆ ಓಡಿಸಿದನೆಂದು ಬಹುಕಾಲ ಪುಸ್ತಕಗಳು ಹೇಳುತ್ತಿದ್ದವು. ಅದು ಬೋದ್ರಿ ದ ಸೋನಿಯೆ ಎಂಬ ಫ್ರೆಂಚ್ ಪತ್ರಕರ್ತ 1891ರಲ್ಲಿ ಹೆಣೆದ ಕಥೆ ಎಂದು ಆಮೇಲೆ ಗೊತ್ತಾಯಿತು. ರಷ್ಯದಲ್ಲಿ ಅರ್ತಮೊನೋವ್ ಎಂಬಾತ 1801ರ ಸುಮಾರಿಗೇ ಕಬ್ಬಿಣದ ಸೈಕಲ್ ಮಾಡಿದನೆಂದು ನಂಬಿ, ಅಂಥದೊಂದು ಸೈಕಲ್ಲನ್ನು ನಿಜ್ನಿ ತಗೀಲ್ ಊರಿನ ಮ್ಯೂಸಿಯಂನಲ್ಲಿ ಇಟ್ಟಿದ್ದರು. ಲೋಹವನ್ನು ಪರೀಕ್ಷಿಸಿದಾಗ ಅದು 1870ಕ್ಕಿಂತ ಹಿಂದಿನದಲ್ಲ ಎಂದು ತಿಳಿಯಿತು. ಲಿಯೊನಾರ್ಡೊ ಡ ವಿಂಚಿಯ ಹಾಳೆಗಳಲ್ಲಿ ಸಿಕ್ಕಿತೆಂದು 1974ರಲ್ಲಿ ಪ್ರಕಟವಾದ ಸೈಕಲ್ ಚಿತ್ರವನ್ನೂ ಹೆಚ್ಚಿನ ವಿದ್ವಾಂಸರು ನಂಬುವುದಿಲ್ಲ. ಮೊದಲಿಗರೆನಿಸಿಕೊಳ್ಳುವ ಆಸೆ ದೇಶಗಳಿಗೂ ಇರುತ್ತದೆ.

ದಾಖಲೆಗಳು ಹೇಳುವ ಕಥೆ ಸರಳ. ಜರ್ಮನಿಯ ಕಾರ್ಲ್ ದ್ರೈಸ್ 1817ರ ಜೂನ್ 12ರಂದು ಮಾನ್‌ಹೈಮ್ ಊರಿನಿಂದ ಎರಡು ಗಾಲಿಯ ಮರದ ವಾಹನವೇರಿ ಹೊರಟ. ಅದಕ್ಕೆ ಪೆಡಲಿರಲಿಲ್ಲ, ಕಾಲಿನಿಂದ ನೆಲವನ್ನು ಒದ್ದು ಸಾಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಬಂತು. 1870ರ ದಶಕದಲ್ಲಿ ಮುಂದಿನ ಗಾಲಿ ಆಳೆತ್ತರಕ್ಕೆ ಬೆಳೆಯಿತು. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗುತ್ತಿದ್ದುದರಿಂದ, ವೇಗ ಬೇಕೆಂದರೆ ಗಾಲಿಯನ್ನೇ ದೊಡ್ಡದು ಮಾಡಬೇಕಿತ್ತು. ಬಿದ್ದರೆ ತಲೆಕೆಳಗಾಗಿ ಬೀಳುವ ಈ ಸಾಹಸ ಗಟ್ಟಿಮುಟ್ಟಾದ ಗಂಡಸರಿಗೆ ಮಾತ್ರ ಒಗ್ಗುವಂಥದು. ಚೈನು ಈ ಕಷ್ಟ ಕಳೆಯಿತು. ಪೆಡಲಿನ ಬಳಿ ದೊಡ್ಡ ಹಲ್ಲುಚಕ್ರ, ಹಿಂದಿನ ಗಾಲಿಯಲ್ಲಿ ಸಣ್ಣದು; ಒಮ್ಮೆ ತುಳಿದರೆ ಗಾಲಿ ಎರಡು ಮೂರು ಸುತ್ತು ತಿರುಗುತ್ತದೆ. ಹೀಗೆ ಎರಡೂ ಗಾಲಿಗಳು ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದದ್ದು ಕವೆಂಟ್ರಿಯ ರೋವರ್‌ನಲ್ಲಿ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಅಲ್ಲಿಂದೀಚೆಗೆ ಸೈಕಲ್ಲಿನ ಮೂಲ ಆಕಾರ ಬದಲಾಗಿಲ್ಲ. ಇಂದಿಗೂ ಹಳ್ಳಿಯ ಗೋಡೆಗೆ ಒರಗಿರುವ ಕಪ್ಪು ಸೈಕಲ್ ಆ ರೋವರ್‌ನ ಖಾಸಾ ಮೊಮ್ಮಗ.

ಸೀಮೆ ಸೈಕಲ್ಲಿಂದ ಸ್ವದೇಶಿ ಸೈಕಲ್ಲಿಗೆ

ಭಾರತಕ್ಕೆ ಸೈಕಲ್ ಬಂದದ್ದು ಹಡಗಿನಲ್ಲಿ. ರ‍್ಯಾಲೆ, ಹಂಬರ್, ಬಿಎಸ್‌ಎ, ಹರ್ಕ್ಯುಲಿಸ್ ಹೆಸರಿನ ಸೀಮೆ ಸೈಕಲ್ಲುಗಳು ಮೊದಮೊದಲು ಅಧಿಕಾರಿಗಳ, ವಕೀಲರ, ಅನುಕೂಲಸ್ಥರ ಮನೆಯವು. ಸ್ವಾತಂತ್ರ್ಯದ ನಂತರ ಆಮದಿಗೆ ಕಡಿವಾಣ ಬಿದ್ದು ಇಲ್ಲಿಯೇ ಕಾರ್ಖಾನೆಗಳು ಎದ್ದವು. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೊ 1956ರಲ್ಲಿ ಶುರುವಾದವು. ಬಂಗಾಳದ ಆಸನ್‌ಸೋಲಿನಲ್ಲಿ ಸೇನ್-ರ‍್ಯಾಲೆ ಕಾರ್ಖಾನೆ ಬಂತು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ, 1986ರಲ್ಲಿ, ಹೀರೊ ಜಗತ್ತಿನಲ್ಲೇ ಅತಿಹೆಚ್ಚು ಸೈಕಲ್ ತಯಾರಿಸುವ ಕಂಪೆನಿಯೆಂದು ಗಿನ್ನೆಸ್ ಪುಸ್ತಕ ಸೇರಿತು.

ಸೈಕಲ್ ಎಷ್ಟು ಮನೆಮಾತಾಗಿತ್ತೆಂದರೆ, 1948ರಲ್ಲಿ ಮೈಸೂರಿನಲ್ಲಿ ಎನ್. ರಂಗರಾವ್ ಅವರು ಶುರುಮಾಡಿದ ಊದುಬತ್ತಿಗೆ ಸಿಕ್ಕ ಹೆಸರೇ ‘ಸೈಕಲ್’. ಓದು ಬಾರದವರೂ ಚಿತ್ರ ನೋಡಿ ಗುರುತಿಸಬಲ್ಲ ವಸ್ತು ಅದು. 2011ರ ಜನಗಣತಿಯ ಪ್ರಕಾರ ದೇಶದ ಪ್ರತಿ 100 ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು. ಸ್ಕೂಟರ್, ಬೈಕು ಇದ್ದ ಮನೆಗಳು ಅದರ ಅರ್ಧಕ್ಕೂ ಕಡಿಮೆ.

ಆದರೂ ಹಳೆಯ ಹೆಸರುಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಸೇನ್-ರ‍್ಯಾಲೆ ಕಾರ್ಖಾನೆ ಎಂದೋ ಮುಚ್ಚಿತು. ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಘೋಷಿಸಿತು. ಎರಡು ವರ್ಷ ಕಳೆದು 2020ರ ಅದೇ ಜೂನ್ 3ರಂದು ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆಯ ಕಾರ್ಮಿಕರು ಬೆಳಿಗ್ಗೆ ಕೆಲಸಕ್ಕೆ ಬಂದಾಗ ಗೇಟಿನಲ್ಲಿ ಕಂಡದ್ದು ಕೆಲಸ ನಿಲ್ಲಿಸಿದ ನೋಟಿಸು.

ನಮ್ಮ ಪಾಲಿನ ಚರಿತ್ರೆ

ಕನ್ನಡನಾಡು ಸೈಕಲ್ಲನ್ನು ಕಂಡುಹಿಡಿಯಲಿಲ್ಲ. ಆದರೆ ಅದನ್ನು ಬಳಸಿದ ಬಗೆ ನಮ್ಮದೇ. ಇಲ್ಲಿ ಒಂದು ಸೈಕಲ್ ಮ್ಯೂಸಿಯಂ ಆಗುವುದಾದರೆ ಸೈಕಲ್ಲಿನಷ್ಟೇ ಅದರ ಸುತ್ತಲಿನ ಸರಂಜಾಮಿಗೂ ಜಾಗ ಬೇಕಾಗುತ್ತದೆ.

ಮೊದಲನೆಯದು ಬಾಡಿಗೆ ಸೈಕಲ್ ಅಂಗಡಿ. ಸ್ವಂತ ಸೈಕಲ್ ಕೊಳ್ಳಲಾಗದ ಕಾಲದಲ್ಲಿ ಗಂಟೆಗಿಷ್ಟು, ದಿನಕ್ಕಿಷ್ಟು ಎಂದು ಸೈಕಲ್ ಕೊಡುತ್ತಿದ್ದ ಅಂಗಡಿಗಳು ಹೋಬಳಿ ಊರುಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಇರುತ್ತಿದ್ದವು. ಸೈಕಲ್ಲಿನ ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರು, ಅಂಗಡಿಯಲ್ಲಿ ಒಂದು ನೋಟ್‌ಬುಕ್ಕು, ಅದರಲ್ಲಿ ಹೆಸರು, ತೆಗೆದುಕೊಂಡ ಹೊತ್ತು, ತಂದ ಹೊತ್ತು. ಮುಖಪರಿಚಯವೇ ಜಾಮೀನು. ಯಾರು ಯಾವ ದಿನ ಎಲ್ಲಿಗೆ ಹೋದರು ಎಂಬ ಹಳ್ಳಿಯ ಓಡಾಟದ ಲೆಕ್ಕ ಆ ನೋಟ್‌ಬುಕ್ಕುಗಳಲ್ಲಿತ್ತು. ಇಂದು ಅಂಥದೊಂದು ನೋಟ್‌ಬುಕ್ ಸಿಕ್ಕರೆ ಯಾವ ಮ್ಯೂಸಿಯಂ ಆದರೂ ಹಿಗ್ಗಬೇಕು. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಬಂದಾಗ ಅದನ್ನು ಹೊಸ ವಿಚಾರವೆಂದು ಜನ ಕೊಂಡಾಡಿದರು. ಕಾರ್ಡು, ಕಂಪ್ಯೂಟರು ಹೊಸವು, ವಿಚಾರ ಹಳೆಯದು.

ಎರಡನೆಯದು ಕಾನೂನಿನ ಗುರುತುಗಳು. ಪುರಸಭೆ, ಪಂಚಾಯಿತಿಗಳು ಸೈಕಲ್ಲಿಗೂ ತೆರಿಗೆ ಹಾಕಿ, ವರ್ಷ ನಮೂದಿಸಿದ ಪುಟ್ಟ ಲೋಹದ ಬಿಲ್ಲೆ ಕೊಡುತ್ತಿದ್ದ ಕಾಲವಿತ್ತು. ಬಿಲ್ಲೆ ಇಲ್ಲದಿದ್ದರೆ ದಂಡ. ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರು ಕೂತು ಹೋದರೆ ಪೊಲೀಸಿನವನ ಸೀಟಿ. ಆ ಬಿಲ್ಲೆ ಈಗ ನಾಣ್ಯ ಸಂಗ್ರಾಹಕರ ಡಬ್ಬಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸುತ್ತದೆ. ಸೈಕಲ್ಲಿನ ಕಾಲ ನಿರ್ಣಯಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಅಪರೂಪ. ಬ್ರಿಟನ್ನಿನಲ್ಲಿ ಸ್ಟರ್ಮಿ-ಆರ್ಚರ್ ಗಿಯರು ಇದ್ದ ಸೈಕಲ್ಲುಗಳ ಹಿಂದಿನ ಗಾಲಿಯ ನಡುವೆಯೇ ತಯಾರಾದ ವರ್ಷದ ಅಚ್ಚು ಇರುತ್ತದೆ. ನಮ್ಮ ಗಿಯರಿಲ್ಲದ ಸಾದಾ ಸೈಕಲ್ಲುಗಳಿಗೆ ಆ ಸೌಲಭ್ಯವಿಲ್ಲ. ಮುಂಭಾಗದ ಕಂಪೆನಿ ಬಿಲ್ಲೆ, ಫ್ರೇಮಿನ ಮೇಲಿನ ನಂಬರು, ಕೊಂಡ ರಸೀತಿ, ತೆರಿಗೆ ಬಿಲ್ಲೆ ಇವೇ ಗತಿ.

ಮೂರನೆಯದು ಕಲಿಕೆ. 22 ಇಂಚು, 24 ಇಂಚಿನ ದೊಡ್ಡವರ ಸೈಕಲ್ಲನ್ನೇ ಮಕ್ಕಳೂ ಕಲಿಯಬೇಕಿತ್ತು. ಸೀಟು ಎಟುಕದವರು ಕಂಬಿಯ ಕೆಳಗಿನ ಸಂದಿನಲ್ಲಿ ಕಾಲು ತೂರಿಸಿ, ಮೈ ಡೊಂಕು ಮಾಡಿ ಅರ್ಧ ಪೆಡಲು ತುಳಿಯುತ್ತಿದ್ದರು. ಕಂಪೆನಿಯ ಯಾವ ಕೈಪಿಡಿಯಲ್ಲೂ ಇಲ್ಲದ ಈ ವಿದ್ಯೆಯನ್ನು ತಲೆಮಾರುಗಟ್ಟಲೆ ಮಕ್ಕಳು ಮಕ್ಕಳಿಂದಲೇ ಕಲಿತರು.

ನಾಲ್ಕನೆಯದು ದುಡಿಮೆ ಮತ್ತು ಮನರಂಜನೆ. ಹಾಲಿನ ಕ್ಯಾನು, ರಾಗಿ ಮೂಟೆ, ತೆಂಗಿನಕಾಯಿ ಚೀಲ, ಐಸ್‌ಕ್ಯಾಂಡಿ ಪೆಟ್ಟಿಗೆ, ಅಂಚೆ ಚೀಲ ಎಲ್ಲವೂ ಸೈಕಲ್ಲಿನ ಕ್ಯಾರಿಯರನ್ನು ತಮಗೆ ಬೇಕಾದಂತೆ ಮಾರ್ಪಡಿಸಿದವು. ತಂತಿ ತರುತ್ತಿದ್ದವನ ಸೈಕಲ್ ಗಂಟೆಗೆ ಮನೆಮಂದಿಯ ಎದೆ ಡವಗುಟ್ಟುತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆಯೇ ಮುಗಿಯಿತು. ಊರ ಬಯಲಿನಲ್ಲಿ ದಿನಗಟ್ಟಲೆ ಕೆಳಗಿಳಿಯದೆ ಸೈಕಲ್ ಸುತ್ತುತ್ತ, ಅದರ ಮೇಲೆಯೇ ಉಂಡು, ಸ್ನಾನ ಮಾಡಿ ತೋರಿಸುತ್ತಿದ್ದ ಸಾಹಸಿಗಳಿದ್ದರು. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಹಬ್ಬ ಜಾತ್ರೆಗಳ ಸೈಕಲ್ ಪಂದ್ಯಗಳು ಬೆಳೆದು ರಾಷ್ಟ್ರಮಟ್ಟದ ಸವಾರರನ್ನೇ ಕೊಟ್ಟಿವೆ.

ಐದನೆಯದು ಹೆಣ್ಣುಮಕ್ಕಳ ಸೈಕಲ್. ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಯಲ್ಲೇ ಸಾವಿರಾರು ಗ್ರಾಮೀಣ ಹೆಂಗಸರು ಸೈಕಲ್ ಕಲಿತದ್ದು ದೇಶದ ಗಮನ ಸೆಳೆಯಿತು. ಕರ್ನಾಟಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ಹೈಸ್ಕೂಲು ದೂರ ಎಂಬ ಕಾರಣಕ್ಕೆ ಏಳನೇ ತರಗತಿಗೇ ಹುಡುಗಿಯರ ಓದು ನಿಲ್ಲುತ್ತಿದ್ದ ಹಳ್ಳಿಗಳಲ್ಲಿ ಸಾಲುಸಾಲು ಹುಡುಗಿಯರು ಸೈಕಲ್ ತುಳಿದು ಹೋಗುವುದು ದಿನನಿತ್ಯದ ನೋಟವಾಯಿತು. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತಿತು.

ಬಣ್ಣ ಬಳಿಯಬೇಕೇ?

ಇಂಥ ವಸ್ತುಗಳನ್ನು ಉಳಿಸುವಾಗ ಒಂದು ಇಕ್ಕಟ್ಟು ಎದುರಾಗುತ್ತದೆ. ಹಳೆಯ ಸೈಕಲ್ಲನ್ನು ಬಿಚ್ಚಿ, ತುಕ್ಕು ಕೆರೆದು, ಹೊಸ ಬಣ್ಣ ಬಳಿದು, ಹೊಸ ಸೀಟು ಹಾಕಿ ನಿಲ್ಲಿಸಿದರೆ ನೋಡುವವರಿಗೆ ಖುಷಿ. ಆದರೆ ಹಳ್ಳಿಯ ಸೈಕಲ್ಲಿನ ಚರಿತ್ರೆ ಇರುವುದೇ ಆ ತುಕ್ಕು ಮತ್ತು ತೇಪೆಗಳಲ್ಲಿ. ಫ್ರೇಮು ಮುರಿದಾಗ ಹಾಕಿಸಿದ ವೆಲ್ಡಿಂಗ್ ಗುರುತು, ಮೂಟೆ ಹೊರಲು ಕ್ಯಾರಿಯರಿಗೆ ಕೊಟ್ಟ ಕಬ್ಬಿಣದ ಪಟ್ಟಿ, ಮಗುವಿಗೆಂದು ಮುಂದಿನ ಕಂಬಿಗೆ ಸುತ್ತಿದ ಬಟ್ಟೆ, ಒಂದು ಕಂಪೆನಿಯ ಫ್ರೇಮಿಗೆ ಇನ್ನೊಂದು ಕಂಪೆನಿಯ ರಿಮ್ಮು. ಇವನ್ನೆಲ್ಲ ಕಿತ್ತು ‘ಮೂಲರೂಪ’ಕ್ಕೆ ತಂದರೆ ಉಳಿಯುವುದು ಕಾರ್ಖಾನೆಯ ಸೈಕಲ್, ಅದನ್ನು ಮೂವತ್ತು ವರ್ಷ ತುಳಿದವನ ಸೈಕಲ್ ಅಲ್ಲ. ಗಿಸಾಲೊದಲ್ಲಿ ನಜ್ಜುಗುಜ್ಜಾದ ಸೈಕಲ್ಲನ್ನು ಯಾರೂ ಸರಿಪಡಿಸದೆ ಬಿಟ್ಟಿರುವುದರ ಹಿಂದಿನ ವಿವೇಕವೂ ಇದೇ. ಅಪರೂಪದ ಸೀಮೆ ಸೈಕಲ್ಲಿಗೆ ಹೊಳಪು ಕೊಡಬಹುದು. ದುಡಿದ ಸೈಕಲ್ಲಿಗೆ ತುಕ್ಕು ಹಬ್ಬದಂತೆ ಎಣ್ಣೆ ಸವರಿ, ಅದು ಇದ್ದಂತೆಯೇ ಇಡುವುದು ಮೇಲು.

ಇದಕ್ಕೆ ದೊಡ್ಡ ಕಟ್ಟಡವೇ ಆಗಬೇಕೆಂದಿಲ್ಲ. ಯಗಟಿಯಂಥ ಹೋಬಳಿ ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಒಂದು ಕೋಣೆ ಸಾಕು. ಸೈಕಲ್ಲಿನ ಪಕ್ಕದಲ್ಲಿ ಒಂದು ಚೀಟಿಯಿರಬೇಕು: ಕೊಂಡವರು ಯಾರು, ಯಾವ ವರ್ಷ, ಎಲ್ಲಿ, ಏನು ಹೊತ್ತು ಯಾವ ದಾರಿಯಲ್ಲಿ ಓಡಿತು, ಯಾರು ರಿಪೇರಿ ಮಾಡಿದರು. ಆ ಚೀಟಿ ಇಲ್ಲದಿದ್ದರೆ ಸೈಕಲ್ ಬರಿಯ ಕಬ್ಬಿಣ. ಇದನ್ನು ಬರೆಸಬಲ್ಲ ಹಿರಿಯರು ಇನ್ನೂ ಕೆಲವರು ಉಳಿದಿರುವಾಗಲೇ ಕೆಲಸ ಆಗಬೇಕು.

ಹೀಗೆ ಕಾಪಾಡುವ ರೂಢಿ ಈ ಸೀಮೆಗೆ ಹೊಸದೇನಲ್ಲ. ಮೈಸೂರು ಅರಸರ ಕಾಲದಿಂದ ಹೆಸರಾದ ಅಮೃತ್ ಮಹಲ್ ತಳಿಯ ದನಗಳನ್ನು ಅಜ್ಜಂಪುರದ ಸರ್ಕಾರಿ ಕೇಂದ್ರದಲ್ಲಿ ಇಂದಿಗೂ ಸಾಕಿ ಉಳಿಸಲಾಗುತ್ತಿದೆ. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಯಾಕೆ ಎಂದು ಕೈಬಿಟ್ಟಿದ್ದರೆ ಆ ತಳಿ ಇಷ್ಟು ಹೊತ್ತಿಗೆ ಪುಸ್ತಕದ ಚಿತ್ರವಾಗಿರುತ್ತಿತ್ತು. ಎತ್ತಿನ ನಂತರ ಇದೇ ಬಯಲಿನ ಭಾರ ಹೊತ್ತದ್ದು ಸೈಕಲ್. ಬೈಕು ಬಂದ ಮೇಲೆ ಅದು ಹಿತ್ತಿಲು ಸೇರಿತು; ಹಿತ್ತಿಲಿನಿಂದ ಗುಜರಿಯವನ ತಕ್ಕಡಿಗೆ ಒಂದೇ ಹೆಜ್ಜೆ. ಗುಜರಿಯಲ್ಲಿ ರ‍್ಯಾಲೆಗೂ ಅಟ್ಲಾಸಿಗೂ ಒಂದೇ ದರ.

ಸರ್ಕಾರ ಕೊಟ್ಟ ಮೊದಲ ಸೈಕಲ್ ತುಳಿದು ಹೈಸ್ಕೂಲಿಗೆ ಹೋದ ಹುಡುಗಿಗೆ ಈಗ ಮೂವತ್ತು ದಾಟಿದೆ. ಆ ವರ್ಷಗಳಲ್ಲಿ ರಾಜ್ಯದ ಶಾಲೆಗಳ ಅಂಗಳದಲ್ಲಿ ಒಂದೇ ಬಣ್ಣದ ಸೈಕಲ್ಲುಗಳು ಸಾಲುಗಟ್ಟಿ ನಿಂತಿದ್ದವು. ಇವತ್ತು ಅವುಗಳಲ್ಲಿ ಸುಸ್ಥಿತಿಯಲ್ಲಿ ಉಳಿದಿರುವ ಒಂದನ್ನು ಹುಡುಕುವುದೂ ಕಷ್ಟ. ನೂರು ವರ್ಷದ ಸೀಮೆ ಸೈಕಲ್ಲಿಗೆ ಪುಣೆಯಲ್ಲಿ ನೆಲೆ ಸಿಕ್ಕಿದೆ. ಇಪ್ಪತ್ತು ವರ್ಷದ ಈ ಶಾಲೆಯ ಸೈಕಲ್ಲಿಗೆ, ಅದನ್ನು ತುಳಿದವಳ ಹೆಸರಿನ ಸಮೇತ, ಇಲ್ಲಿಯೇ ಒಂದು ಮೂಲೆ ಸಿಗಬೇಕು.